ಮೊಲದ ಚಿತ್ರ ನಂಬಿ ಕೊಂಡ ಕಿಟ್: ಒಂದು ಪ್ರಕರಣ ಅಧ್ಯಯನ

ಇದು ಒಬ್ಬ ಮೇಕಪ್ ಕಲಾವಿದೆಯ ಪ್ರಕರಣ. ಅವರ ಹೆಸರು, ಊರು, ಬಳಸಿದ ಬ್ರ್ಯಾಂಡ್ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಾನು ಕೆಲವು ವರ್ಷ ಸೌಂದರ್ಯವರ್ಧಕ ತಯಾರಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಆ ಪರಿಚಯದಿಂದಲೇ ಅವರು ನನ್ನ ಹತ್ತಿರ ಬಂದದ್ದು.

ಪ್ರಾಣಿಗಳಿಗೆ ನೋವು ಕೊಡದ ಮೇಕಪ್ ಬೇಕು ಅಂತ ಹೊರಟವರು ತುಂಬಾ ಜನ. ಅರ್ಧ ದಾರಿಯಲ್ಲಿ ಸೋತು ಕೈಬಿಟ್ಟವರನ್ನೂ ನೋಡಿದ್ದೇನೆ. ಇವರು ಕೈಬಿಡಲಿಲ್ಲ. ಆದರೆ ಅಂದುಕೊಂಡ ದಾರಿಯಲ್ಲಿ ಹೋಗಲಿಲ್ಲ.

ಹಿನ್ನೆಲೆ

ಅವರಿಗೆ ಈ ಕೆಲಸದಲ್ಲಿ ಹತ್ತು ವರ್ಷಕ್ಕೂ ಹೆಚ್ಚಿನ ಅನುಭವ. ಜೊತೆಗೆ ಒಬ್ಬಳು ಸಹಾಯಕಿ. ಎರಡು ದೊಡ್ಡ ಪೆಟ್ಟಿಗೆ ತುಂಬ ಸಾಮಾನು: ಫೌಂಡೇಶನ್, ಕನ್ಸೀಲರ್, ಐಶ್ಯಾಡೊ, ಹತ್ತಾರು ಲಿಪ್‌ಸ್ಟಿಕ್, ಬ್ರಷ್‌ಗಳ ಒಂದು ಸುರುಳಿ ಚೀಲ.

ಒಂದು ದಿನ ಅವರು ಮೊಲಗಳ ಮೇಲೆ ನಡೆಯುವ ಕಣ್ಣಿನ ಪರೀಕ್ಷೆಯ ವಿಡಿಯೊ ನೋಡಿದರು. ಇದು 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಜೊತೆಗಾರರು ರೂಪಿಸಿದ ವಿಧಾನ. ಮೊಲದ ಒಂದು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಅದರೊಳಗೆ ವಸ್ತುವನ್ನು ಹಾಕುತ್ತಾರೆ. ಇನ್ನೊಂದು ಕಣ್ಣನ್ನು ಹೋಲಿಕೆಗೆ ಹಾಗೇ ಬಿಡುತ್ತಾರೆ. ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಊದಿಕೊಂಡಿತು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಎಷ್ಟು ಮಬ್ಬಾಯಿತು ಅಂತ ಅಂಕ ಕೊಡುತ್ತಾ ಹೋಗುತ್ತಾರೆ. ಬೇಕಾದರೆ 21 ದಿನದವರೆಗೂ ನೋಡುತ್ತಾರೆ. ಮೊಲವನ್ನೇ ಆರಿಸಿದ್ದು ಯಾಕೆ ಗೊತ್ತಾ? ಅದರ ಕಣ್ಣು ದೊಡ್ಡದು, ಮತ್ತು ಅದು ಸಾಧು ಪ್ರಾಣಿ, ಹಿಡಿದರೆ ಸುಮ್ಮನಿರುತ್ತದೆ.

ಮಾರನೆಯ ದಿನ ಅವರು ನನಗೆ ಫೋನ್ ಮಾಡಿದರು. "ಅಕ್ಕಾ, ದಿನಾ ಬೆಳಿಗ್ಗೆ ನಾನು ಮಾಡೋ ಕೆಲಸ ಏನು? ಒಬ್ಬರ ಕಣ್ಣಿನ ಅಂಚಿಗೆ ಬಣ್ಣ ಹಚ್ಚೋದು. ಕೈ ನಡುಗಿತು ಇವತ್ತು."

ಸಮಸ್ಯೆ

ಮೊದಲ ಯೋಚನೆ ಎಲ್ಲರಿಗೂ ಬರುವಂಥದ್ದೇ: ಎಲ್ಲವನ್ನೂ ಎಸೆದು, ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ತೋರಿಸಲು ಡಬ್ಬದ ಮೇಲೆ ಹಾಕುವ ಮೊಲದ ಚಿತ್ರ ಇರುವುದನ್ನು ಮಾತ್ರ ಕೊಳ್ಳುವುದು. ನನ್ನನ್ನು ಕೇಳುವ ಮೊದಲೇ ಎರಡು ಕಂತಿನಲ್ಲಿ ಹದಿನೈದು ಸಾಮಾನು ತರಿಸಿಬಿಟ್ಟಿದ್ದರು. ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದರು. ಅವರ ಮುಖದಲ್ಲಿ ನೆಮ್ಮದಿ ಇತ್ತು. ಅದನ್ನು ಕೆಡಿಸಬೇಕಾಯಿತಲ್ಲ ಅಂತ ನನಗೆ ಈಗಲೂ ಬೇಸರವಿದೆ.

ಹದಿನೈದು ಡಬ್ಬಗಳಲ್ಲಿ ನಾಲ್ಕರ ಮೇಲೆ ಮಾತ್ರ ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿ ಕೊಟ್ಟ ಗುರುತಿತ್ತು. ಉಳಿದ ಮೊಲಗಳು ಕಂಪನಿಯವರೇ ಬರೆಸಿಕೊಂಡವು. ಒಂದು ಮೊಲಕ್ಕೆ ಹೂವಿನ ಕಿರೀಟ, ಇನ್ನೊಂದರ ಸುತ್ತ ಎಲೆಗಳ ಬಳ್ಳಿ. ನೋಡಲು ಚಂದ, ಆದರೆ ಹಿಂದೆ ಯಾವ ಪರಿಶೀಲನೆಯೂ ಇಲ್ಲ. ಅಮೆರಿಕದಂಥ ದೊಡ್ಡ ಮಾರುಕಟ್ಟೆಯಲ್ಲೂ 'ಕ್ರೂಯೆಲ್ಟಿ ಫ್ರೀ' (ಪ್ರಾಣಿ ಹಿಂಸೆ ಇಲ್ಲದ್ದು) ಎನ್ನುವ ಮಾತಿಗೆ ಕಾನೂನಿನಲ್ಲಿ ಅರ್ಥ ಬರೆದಿಟ್ಟಿಲ್ಲ. ಹಾಗಾಗಿ ಬರೆಯುವವರು ತಮಗೆ ಬೇಕಾದ ಅರ್ಥದಲ್ಲಿ ಬರೆಯುತ್ತಾರೆ.

ಒಂದು ಫೌಂಡೇಶನ್ ಮೇಲೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಈ ಸಿದ್ಧ ಉತ್ಪನ್ನವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ." ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೆ ಇಲ್ಲಿ 'ಸಿದ್ಧ' ಎನ್ನುವ ಪದವೇ ಮೊದಲು ಕಣ್ಣಿಗೆ ಬೀಳುತ್ತದೆ. ಫೌಂಡೇಶನ್ ಅನ್ನು ಪರೀಕ್ಷಿಸಿಲ್ಲ ಎನ್ನುವುದು ನಿಜ ಇರಬಹುದು. ಅದರೊಳಗಿರುವ ಮೂವತ್ತು ಪದಾರ್ಥಗಳ ಕಥೆ ಏನು? ಹೊಸ ಪದಾರ್ಥವೊಂದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಬಹುಪಾಲು ಅದನ್ನು ತಯಾರಿಸಿ ಮಾರುವ ಕಡೆ. ಬಾಟಲಿ ತುಂಬುವ ಕಡೆ ಅಲ್ಲ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಇದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: "ಹಾಗಾದ್ರೆ ಯಾರನ್ನ ಕೇಳಬೇಕು, ಏನಂತ ಕೇಳಬೇಕು, ಅದನ್ನ ಹೇಳಿಕೊಡಿ."

ಈ ಪ್ರಕರಣದ ಮೊದಲ ತಿರುವು ಇದು.

ಏನೇನು ಮಾಡಿದರು

ಮೊದಲು ಹಳೆಯ ಸಾಮಾನಿನ ಬಗ್ಗೆ ತೀರ್ಮಾನ ಆಗಬೇಕಿತ್ತು. ಎಸೆದರೆ ಯಾವ ಪ್ರಾಣಿಗೂ ಉಪಕಾರವಿಲ್ಲ, ದುಡ್ಡು ಈಗಾಗಲೇ ಕಂಪನಿಗೆ ಹೋಗಿಯಾಗಿದೆ ಎಂದು ನಾನು ಹೇಳಿದೆ. ಅವರಿಗೆ ಒಪ್ಪಲು ಕಷ್ಟವಾಯಿತು. ಕೊನೆಗೆ ಒಂದು ಸರಳ ಲೆಕ್ಕ ಹಿಡಿದರು. ಡಬ್ಬದ ಹಿಂದೆ ಮುಚ್ಚಳ ತೆರೆದ ಪುಟ್ಟ ಜಾಡಿಯ ಚಿತ್ರ ಇರುತ್ತದಲ್ಲ, ಅದರೊಳಗೆ 6ಎಂ, 12ಎಂ ಅಂತ ಬರೆದಿರುತ್ತದೆ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎನ್ನುವ ಗುರುತು ಅದು. ತೆರೆದದ್ದನ್ನು ಆ ಅವಧಿಯೊಳಗೆ ಮುಗಿಸುವುದು, ಮುಗಿದಂತೆ ಒಂದೊಂದನ್ನೇ ಬದಲಿಸುವುದು. ಮಸ್ಕಾರ ಬೇಗ ಮುಗಿಯುತ್ತದೆ, ಪೌಡರ್ ತಡವಾಗಿ. ಇದರಿಂದ ಪ್ರತಿ ಸಾಮಾನಿನ ಬಗ್ಗೆ ವಿಚಾರಿಸಲು ಸಮಯ ಸಿಕ್ಕಿತು. ಒಂದೇ ವಾರದಲ್ಲಿ ಎಲ್ಲ ಬದಲಿಸಲು ಹೋಗಿದ್ದರೆ ಇನ್ನಷ್ಟು ತಪ್ಪು ಡಬ್ಬ ಬರುತ್ತಿದ್ದವು.

ಎರಡನೆಯದು ಒಂದು ಪತ್ರ. ನಾವಿಬ್ಬರೂ ಕೂತು ಬರೆದೆವು. ಮೊದಲ ಕರಡಿನಲ್ಲಿ "ನೀವು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುತ್ತೀರಾ?" ಅಂತಷ್ಟೇ ಇತ್ತು. ಅದಕ್ಕೆ ಎಲ್ಲರೂ "ಇಲ್ಲ" ಎಂದೇ ಬರೆಯುತ್ತಾರೆ. ತಿದ್ದಿ ತಿದ್ದಿ ಕೊನೆಗೆ ನಿಂತದ್ದು ಹೀಗೆ:

"ಈ ಉತ್ಪನ್ನವನ್ನಾಗಲಿ, ಇದರಲ್ಲಿರುವ ಯಾವುದೇ ಪದಾರ್ಥವನ್ನಾಗಲಿ ನೀವು, ನಿಮಗೆ ಪದಾರ್ಥ ಪೂರೈಸುವವರು ಅಥವಾ ನಿಮ್ಮ ಪರವಾಗಿ ಬೇರೆ ಯಾರಾದರೂ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತೀರಾ? ಇಲ್ಲವಾದರೆ ಯಾವ ತಾರೀಖಿನಿಂದ ನಿಲ್ಲಿಸಿದ್ದೀರಿ? ಯಾವುದಾದರೂ ದೇಶದ ಸರ್ಕಾರ ಕೇಳಿದರೆ ಪರೀಕ್ಷೆಗೆ ಒಪ್ಪುತ್ತೀರಾ? ನಿಮ್ಮ ಮಾತನ್ನು ಹೊರಗಿನವರು ಯಾರು ಪರಿಶೀಲಿಸುತ್ತಾರೆ?"

'ಯಾವ ತಾರೀಖಿನಿಂದ' ಎನ್ನುವುದಕ್ಕೆ ಒಂದು ಕಾರಣವಿದೆ. ಇವತ್ತು ಬಳಕೆಯಲ್ಲಿರುವ ಪದಾರ್ಥಗಳಲ್ಲಿ ಬಹಳಷ್ಟನ್ನು ಹಿಂದೆ ಯಾವಾಗಲೋ ಯಾರೋ ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಾರೆ. ಅದನ್ನು ಈಗ ಅಳಿಸಲಾಗದು. ನಾವು ಕೇಳಬಹುದಾದದ್ದು ಒಂದು ಗೆರೆ: ಈ ದಿನದಿಂದ ಮುಂದೆ ಇಲ್ಲ. ಹೊರಗಿನವರು ಪರಿಶೀಲಿಸಿ ಕೊಡುವ ಗುರುತುಗಳಲ್ಲಿ ಒಂದಾದ, 1996ರಲ್ಲಿ ಶುರುವಾದ ಲೀಪಿಂಗ್ ಬನ್ನಿ (ಜಿಗಿಯುವ ಮೊಲ) ಕೇಳುವುದೂ ಅದನ್ನೇ. ಕಂಪನಿ ಒಂದು ತಾರೀಖನ್ನು ಗೊತ್ತುಮಾಡಬೇಕು. ಪದಾರ್ಥ ಕೊಡುವವರ ಮೇಲೂ ಕಣ್ಣಿಡಬೇಕು. ಹೊರಗಿನವರ ತಪಾಸಣೆಗೆ ಒಪ್ಪಬೇಕು. ವರ್ಷ ವರ್ಷ ಮತ್ತೆ ಮಾತು ಕೊಡಬೇಕು.

ಅವರು ಒಂದು ನೋಟ್‌ಬುಕ್ ಇಟ್ಟರು. ಖಚಿತವಾದದ್ದು ಪೆನ್ನಿನಲ್ಲಿ, ಅನುಮಾನ ಇರುವುದು ಪೆನ್ಸಿಲ್‌ನಲ್ಲಿ.

ಉತ್ತರಗಳು ಬರತೊಡಗಿದವು. ಕೆಲವರು ನಾಲ್ಕೂ ಪ್ರಶ್ನೆಗೆ ನೇರವಾಗಿ ಬರೆದರು. ಅವರಲ್ಲಿ ಇಬ್ಬರು ಚಿಕ್ಕ ತಯಾರಕರು. ಕೆಲವರು ಪ್ರಾಣಿಗಳ ಮೇಲಿನ ಪ್ರೀತಿಯ ಬಗ್ಗೆ ಎರಡು ಪ್ಯಾರಾ ಬರೆದು, ಕೇಳಿದ್ದನ್ನು ಮುಟ್ಟಲೇ ಇಲ್ಲ. ಒಬ್ಬರು "ಕಾನೂನು ಕೇಳಿದ ಕಡೆ ಬಿಟ್ಟು ಬೇರೆಲ್ಲೂ ಮಾಡುವುದಿಲ್ಲ" ಎಂದರು. ಈ 'ಬಿಟ್ಟು' ಎನ್ನುವ ಪದಕ್ಕೆ ನಾವು ಪೆನ್ಸಿಲ್‌ನಲ್ಲಿ ಗೆರೆ ಎಳೆದೆವು.

ಇಲ್ಲಿ ಕಾನೂನಿನ ಚಿತ್ರ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಯುರೋಪಿಯನ್ ಒಕ್ಕೂಟ 2004ರಲ್ಲಿ ಸಿದ್ಧ ಉತ್ಪನ್ನಗಳ ಪರೀಕ್ಷೆಯನ್ನು, 2009ರಲ್ಲಿ ಪದಾರ್ಥಗಳ ಪರೀಕ್ಷೆಯನ್ನು ನಿಷೇಧಿಸಿತು. 2013ರ ಮಾರ್ಚ್‌ನಿಂದ ಹಾಗೆ ಪರೀಕ್ಷಿಸಿದ್ದನ್ನು ಮಾರುವುದನ್ನೂ ನಿಲ್ಲಿಸಿತು. ಭಾರತ 2014ರಲ್ಲಿ ಪರೀಕ್ಷೆಯನ್ನೂ ಅಂಥ ಆಮದನ್ನೂ ನಿಷೇಧಿಸಿತು. ಚೀನಾದಲ್ಲಿ ಹೊರದೇಶದ ಸಾಮಾನಿಗೆ ಪ್ರಾಣಿ ಪರೀಕ್ಷೆ ಕಡ್ಡಾಯವಾಗಿತ್ತು. 2021ರ ಮೇ ತಿಂಗಳಿಂದ ಶಾಂಪೂ, ಲಿಪ್‌ಸ್ಟಿಕ್‌ನಂಥ ಸಾಮಾನ್ಯ ವರ್ಗಕ್ಕೆ ಷರತ್ತಿನ ಮೇಲೆ ವಿನಾಯಿತಿ ಬಂತು. ಸನ್‌ಸ್ಕ್ರೀನ್, ಕೂದಲಿನ ಬಣ್ಣದಂಥ ವಿಶೇಷ ವರ್ಗಕ್ಕೆ ಆ ವಿನಾಯಿತಿ ಬರಲಿಲ್ಲ. ಅಂದರೆ ಒಂದೇ ಕಂಪನಿಯ ಲಿಪ್‌ಸ್ಟಿಕ್ ಕಥೆ ಬೇರೆ, ಅದರ ಸನ್‌ಸ್ಕ್ರೀನ್ ಕಥೆ ಬೇರೆ.

ಇನ್ನೊಂದು ಪ್ರಶ್ನೆಯಲ್ಲಿ ಅವರೂ ಸಹಾಯಕಿಯೂ ಕೊನೆಗೂ ಒಮ್ಮತಕ್ಕೆ ಬರಲಿಲ್ಲ. ಗುರುತು ಪಡೆದ ಚಿಕ್ಕ ಬ್ರ್ಯಾಂಡ್ ಒಂದರ ಒಡೆತನ ಪರೀಕ್ಷೆ ನಿಲ್ಲಿಸದ ದೊಡ್ಡ ಕಂಪನಿಯದ್ದಾಗಿದ್ದರೆ ಕೊಳ್ಳಬಹುದೇ? ಕಲಾವಿದೆ ಕೊಳ್ಳಬಹುದು ಎಂದರು. ಆ ಸಾಲು ಚೆನ್ನಾಗಿ ಮಾರಾಟವಾದರೆ ಒಡೆಯರಿಗೂ ಅರ್ಥವಾಗುತ್ತದೆ ಎನ್ನುವುದು ಅವರ ವಾದ. ಸಹಾಯಕಿ ಒಪ್ಪಲಿಲ್ಲ. "ದುಡ್ಡು ಕೊನೆಗೆ ಅದೇ ಜೇಬಿಗೆ ಹೋಗುತ್ತೆ ಅಲ್ವಾ?" ಎಂದಳು. ನನ್ನ ಮನಸ್ಸು ಕಲಾವಿದೆಯ ಕಡೆ ವಾಲುತ್ತದೆ. ಆದರೆ ಆ ಹುಡುಗಿಯ ಮಾತನ್ನು ತಳ್ಳಿಹಾಕುವ ವಾದ ನನ್ನ ಹತ್ತಿರ ಇಲ್ಲ. ಇವತ್ತಿಗೂ ಅವಳ ಸ್ವಂತ ಕಿಟ್‌ನಲ್ಲಿ ಆ ಬ್ರ್ಯಾಂಡ್ ಇಲ್ಲ.

ಎಲ್ಲ ನಿಂತುಹೋಗುವಂತಾದ ದಿನ

ಐದನೇ ತಿಂಗಳಲ್ಲಿ ಒಂದು ಘಟನೆ ನಡೆಯಿತು. ಒಬ್ಬ ಗ್ರಾಹಕಿಗೆ ಸಮಾರಂಭಕ್ಕೆ ಮುಂಚೆ ಟ್ರಯಲ್ ಮೇಕಪ್ ಮಾಡಿದ್ದರು. ಕಣ್ಣಿನ ಸುತ್ತ ಹಚ್ಚಿದ್ದು ಹೊಸದಾಗಿ ತಂದ ಕ್ರೀಮ್. ಗುರುತೂ ಇತ್ತು, ಪತ್ರಕ್ಕೆ ಉತ್ತರವೂ ಬಂದಿತ್ತು. ಎರಡನೇ ದಿನ ಆಕೆಯ ರೆಪ್ಪೆಗಳು ಊದಿಕೊಂಡು ತುರಿಸತೊಡಗಿದವು. ಫೋಟೊ ಕಳಿಸಿದವರು ಆಕೆಯ ತಾಯಿ. ಜೊತೆಗೆ ಬರೆದಿದ್ದರು: "ಮೇಡಂ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡದೆ ಇದ್ದಿದ್ದನ್ನ ನನ್ನ ಮಗಳ ಮೇಲೆ ಪರೀಕ್ಷೆ ಮಾಡಿದ್ರಾ?"

ಕಲಾವಿದೆ ಆ ರಾತ್ರಿ ಹಳೆಯ ಕಿಟ್‌ಗೇ ಮರಳುತ್ತೇನೆ ಎಂದರು. ನಾನು ತಡೆಯಲಿಲ್ಲ. ತಾಯಿಯ ಸಿಟ್ಟು ನ್ಯಾಯವಾದದ್ದು. ಒಂದು ಜೀವಕ್ಕೆ ನೋವಾಗಬಾರದು ಅಂತ ಹೊರಟು ಇನ್ನೊಂದು ಜೀವಕ್ಕೆ ನೋವು ಮಾಡಿದರೆ ಅದಕ್ಕೇನು ಅರ್ಥ? ಮೊದಲು ಚರ್ಮದ ವೈದ್ಯರನ್ನು ನೋಡಲಿ ಎಂದಷ್ಟೇ ಹೇಳಿದೆ.

ಚರ್ಮ ಶಾಂತವಾದ ಮೇಲೆ ವೈದ್ಯರು ಪ್ಯಾಚ್ ಪರೀಕ್ಷೆ ಮಾಡಿದರು. ಬೆನ್ನಿಗೆ ಅನುಮಾನವಿರುವ ವಸ್ತುಗಳ ಪುಟ್ಟ ಪಟ್ಟಿಗಳನ್ನು ಅಂಟಿಸಿ, ಎರಡು ದಿನದ ಮೇಲೆ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲರ್ಜಿ ಇದ್ದದ್ದು ಸುಗಂಧದ ಪದಾರ್ಥಗಳಿಗೆ. ಡಬ್ಬದ ಹಿಂದೆ ಲಿನಲೂಲ್, ಲಿಮೊನೀನ್ ಎಂದು ಬರೆದೇ ಇತ್ತು. ಲ್ಯಾವೆಂಡರ್, ಕಿತ್ತಳೆ ಸಿಪ್ಪೆಯಂಥ ಎಣ್ಣೆಗಳಲ್ಲಿ ಇರುವ ವಸ್ತುಗಳಿವು. ಗಾಳಿಗೆ ತೆರೆದುಕೊಂಡು ಹಳೆಯದಾದಂತೆ ಇವು ಇನ್ನೂ ಹೆಚ್ಚು ಅಲರ್ಜಿ ಮಾಡುತ್ತವೆ. ಬಹಳ ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಆಕೆಗೆ ಆಯಿತು.

ಇಲ್ಲಿ ನನ್ನ ತಪ್ಪೂ ಇದೆ. ಪತ್ರ, ಗುರುತು, ತಾರೀಖು ಅಂತ ನೂರು ಮಾತು ಹೇಳಿದ ನಾನು, ಹೊಸ ಸಾಮಾನು ಯಾವುದೇ ಇರಲಿ, ಮೊದಲು ಗ್ರಾಹಕರ ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ ಎಂದು ಹೇಳಿರಲಿಲ್ಲ. ಅವರಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಆ ತಾಯಿಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಿತ್ತು. ಕಲಾವಿದೆ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಮೊದಲು ಕ್ಷಮೆ ಕೇಳಿದರು, ದುಡ್ಡು ವಾಪಸ್ ಕೊಟ್ಟರು. ಆಮೇಲೆ ನಾನು ಹೇಳಿದ್ದು ಹೀಗೆ. ಲಿನಲೂಲ್, ಲಿಮೊನೀನ್ ಹೊಸ ವಸ್ತುಗಳಲ್ಲ. ಎಷ್ಟೋ ದಶಕಗಳಿಂದ ಎಷ್ಟೋ ಕ್ರೀಮ್‌ಗಳಲ್ಲಿ ಇವೆ. ಇವುಗಳಿಗೆ ಪ್ರಾಣಿ ಪರೀಕ್ಷೆ ಆಗಿಲ್ಲ ಅಂತಲ್ಲ, ಆಗಿದೆ. ಆದರೂ ನಿಮ್ಮ ಮಗಳ ಚರ್ಮ ಹೇಗೆ ನಡೆದುಕೊಳ್ಳುತ್ತದೆ ಅಂತ ಯಾವ ಮೊಲವೂ ಯಾವ ಇಲಿಯೂ ಹೇಳಲು ಬರುವುದಿಲ್ಲ. ಅದನ್ನು ಹೇಳುವುದು ಅವಳ ಚರ್ಮ ಮಾತ್ರ. ಅದನ್ನು ಮುಂಚೆ ಕೇಳದೇ ಇದ್ದದ್ದು ನಮ್ಮ ತಪ್ಪು.

ಆ ತಾಯಿ ಇನ್ನೊಂದು ಕೇಳಿದರು, "ಹಾಗಾದ್ರೆ ಪ್ರಾಣಿ ಇಲ್ಲದೆ ಹೇಗೆ ಪರೀಕ್ಷೆ ಮಾಡ್ತಾರೆ?" ಕೇಳಲೇಬೇಕಾದ ಪ್ರಶ್ನೆ. ಶಸ್ತ್ರಚಿಕಿತ್ಸೆಗಳಲ್ಲಿ ಉಳಿದ, ದಾನವಾಗಿ ಬಂದ ಮನುಷ್ಯರ ಚರ್ಮದಿಂದ ಜೀವಕೋಶ ತೆಗೆದು, ಲ್ಯಾಬ್‌ನಲ್ಲಿ ಬೆಳೆಸುತ್ತಾರೆ. ಕೆಲವು ದಿನದಲ್ಲಿ ಅದು ಪದರ ಪದರವಾಗಿ ನಿಜವಾದ ಹೊರಚರ್ಮದ ಹಾಗೆ ಆಗುತ್ತದೆ. ಒಂದೊಂದೂ ಅಂಗಿಯ ಗುಂಡಿಯಷ್ಟು ಅಗಲ. ಅದರ ಮೇಲೆ ವಸ್ತು ಹಚ್ಚಿ, ತೊಳೆದು, ಸ್ವಲ್ಪ ಕಾಲ ಬಿಟ್ಟು, ಎಂಟಿಟಿ ಎನ್ನುವ ಹಳದಿ ದ್ರಾವಣದಲ್ಲಿ ಇಡುತ್ತಾರೆ. ಬದುಕಿರುವ ಕೋಶಗಳು ಆ ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತವು ಮಾಡುವುದಿಲ್ಲ. ಬಣ್ಣವನ್ನು ಅಳೆದು, ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೋಶ ಉಳಿದಿದ್ದರೆ ವಸ್ತು ಚರ್ಮವನ್ನು ಕೆರಳಿಸುತ್ತದೆ ಎಂದು ಗುರುತಿಸುತ್ತಾರೆ. ಹಲವು ದೇಶಗಳು ಸೇರಿ ಪರೀಕ್ಷೆಗಳ ಮಾರ್ಗಸೂಚಿ ರೂಪಿಸುವ ಒಇಸಿಡಿ ಸಂಸ್ಥೆ ಇದನ್ನು 2010ರಲ್ಲಿ 439ನೇ ಮಾರ್ಗಸೂಚಿಯಾಗಿ ಒಪ್ಪಿಕೊಂಡಿತು. ಅಲರ್ಜಿಗೂ ಪ್ರಾಣಿ ಇಲ್ಲದ ವಿಧಾನಗಳಿವೆ. ಒಂದರಿಂದ ಆಗದ ಕಾರಣ ಎರಡು ಮೂರನ್ನು ಸೇರಿಸಿ ತೀರ್ಮಾನಿಸುವ ಕ್ರಮವನ್ನು 2021ರಲ್ಲಿ 497ನೇ ಮಾರ್ಗಸೂಚಿ ಒಪ್ಪಿಕೊಂಡಿತು.

ಆ ನೇರಳೆ ಬಣ್ಣವನ್ನು ನಾನು ಮೊದಲ ಸಲ ನೋಡಿದ ದಿನ ಇನ್ನೂ ನೆನಪಿದೆ. ಟ್ರೇಯಲ್ಲಿ ಸಾಲು ಸಾಲು ಪುಟ್ಟ ಬಾವಿಗಳು. ಒಂದು ಗಾಢ, ಒಂದು ತಿಳಿ, ಒಂದರಲ್ಲಿ ಬಣ್ಣವೇ ಇಲ್ಲ. ಬಣ್ಣವಿಲ್ಲದ ಆ ಒಂದು ಬಾವಿಯ ಜಾಗದಲ್ಲಿ ಹಿಂದೆ ಒಂದು ಮೊಲದ ಬೋಳಿಸಿದ ಬೆನ್ನು ಇರುತ್ತಿತ್ತು.

ತಾಯಿಗೆ ಪೂರ್ತಿ ಸಮಾಧಾನ ಆಯಿತೋ ಇಲ್ಲವೋ ಹೇಳಲಾರೆ. ಆದರೆ ಸಮಾರಂಭದ ಮೇಕಪ್ ಬೇರೆಯವರಿಗೆ ಕೊಡಲಿಲ್ಲ. ಸುಗಂಧವಿಲ್ಲದ ಸಾಮಾನನ್ನು ನಾಲ್ಕು ದಿನ ಮುಂಚೆ ಮೊಣಕೈಗೆ ಹಚ್ಚಿ ನೋಡಿ ಮಾಡಿದರು. ಕಲಾವಿದೆ ಹಳೆಯ ಕಿಟ್‌ಗೆ ಮರಳಲಿಲ್ಲ. ಈಗ ಟ್ರಯಲ್‌ಗೆ ಬರುವ ಪ್ರತಿಯೊಬ್ಬರಿಗೂ ಮುಂಚೆಯೇ ಮೊಣಕೈ ಪರೀಕ್ಷೆ ಆಗಲೇಬೇಕು. ಅವಸರ ಅಂದವರಿಗೂ ರಿಯಾಯಿತಿ ಇಲ್ಲ.

ಬ್ರಷ್‌ಗಳು

ಏಳೆಂಟು ತಿಂಗಳು ಕಳೆದಿದ್ದವು. ಒಂದು ಮಧ್ಯಾಹ್ನ ಸಹಾಯಕಿ ಬ್ರಷ್ ತೊಳೆಯುತ್ತಿದ್ದಳು. ಮೆತ್ತನೆಯ ಪೌಡರ್ ಬ್ರಷ್‌ನಿಂದ ಉದುರಿದ ಎರಡು ಕೂದಲು ಸಿಂಕ್‌ನ ಅಂಚಿಗೆ ಅಂಟಿಕೊಂಡಿದ್ದವು. ಬೆರಳಲ್ಲಿ ಎತ್ತಿ, "ಇದು ಯಾರ ಕೂದಲು?" ಅಂತ ಕೇಳಿದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ತಿಂಗಳು ಡಬ್ಬಗಳ ಹಿಂದೆಯೇ ಬಿದ್ದಿದ್ದೆವು, ಕೈಯಲ್ಲೇ ಇದ್ದ ಬ್ರಷ್ ಕಡೆ ನೋಡಿರಲಿಲ್ಲ. ಒಂದು ಕೂದಲನ್ನು ಚಿಮುಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಸುಟ್ಟ ಕೂದಲಿನದೇ ವಾಸನೆ ಬಂತು, ಮುಟ್ಟಿದರೆ ಬೂದಿಯಾಯಿತು. ಹೊಸ ಸಿಂಥೆಟಿಕ್ ಬ್ರಷ್‌ನ ಎಳೆ ತೋರಿಸಿದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಯಿತು. 'ನ್ಯಾಚುರಲ್ ಹೇರ್' ಎಂದು ಮಾರುವ ಬ್ರಷ್‌ಗಳಲ್ಲಿ ಇರುವುದು ಮೇಕೆ, ಅಳಿಲು, ಕೊಲಿನ್ಸ್ಕಿ ಎಂಬ ಮುಂಗುಸಿಯಂಥ ಪ್ರಾಣಿಯ ಬಾಲದ ಕೂದಲು. ಬ್ರಷ್‌ಗೆ ಪರೀಕ್ಷೆಯ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ನಮ್ಮ ನಾಲ್ಕು ಪ್ರಶ್ನೆಯ ಪತ್ರಕ್ಕೆ ಅದು ಸಿಕ್ಕಿರಲಿಲ್ಲ.

ಇಲ್ಲಿಂದ ಅವರ ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಬಂತು: 'ಒಳಗೆ ಏನಿದೆ'. ಪರೀಕ್ಷೆ ಮಾಡಿಲ್ಲ ಎನ್ನುವುದು ಬೇರೆ, ಪ್ರಾಣಿಯಿಂದ ಬಂದದ್ದು ಇಲ್ಲ ಎನ್ನುವುದು ಬೇರೆ. ಅವರ ಮೆಚ್ಚಿನ ಕೆಂಪು ಲಿಪ್‌ಸ್ಟಿಕ್‌ಗೆ ಗುರುತು ಇತ್ತು, ಆದರೆ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಿಐ 75470 ಇತ್ತು. ಅದು ಕಾರ್ಮೈನ್, ಕೊಚಿನೀಲ್ ಎಂಬ ಪುಟ್ಟ ಕೀಟಗಳನ್ನು ಒಣಗಿಸಿ ತೆಗೆಯುವ ಕೆಂಪು. ಮುತ್ತಿನ ಹೊಳಪಿಗೆ ಮೀನಿನ ಹುರುಪೆಯಿಂದ ಬರುವ ಗ್ವಾನೀನ್ ಇರಬಹುದು. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಚರ್ಮವನ್ನು ಮೆತ್ತಗಿಡುವ ಎಣ್ಣೆಯಾದ ಸ್ಕ್ವಾಲೀನ್ ಶಾರ್ಕ್ ಮೀನಿನ ಯಕೃತ್ತಿನಿಂದಲೂ ಬರುತ್ತದೆ, ಆಲಿವ್‌ನಿಂದಲೂ ಬರುತ್ತದೆ, ಕೇಳದೆ ತಿಳಿಯುವುದಿಲ್ಲ. ಎಲ್ಲವನ್ನೂ ಒಂದೇ ಸಲ ಬಿಡಲು ಅವರಿಂದ ಆಗಲಿಲ್ಲ. ಶಾರ್ಕ್, ಅಳಿಲು, ಕಾರ್ಮೈನ್ ಬಿಟ್ಟರು. ಜೇನುಮೇಣ ಇನ್ನೂ ಇದೆ. ಹಳೆಯ ಬ್ರಷ್‌ಗಳನ್ನು ಎಸೆಯಲಿಲ್ಲ, ಸವೆಯುವವರೆಗೂ ಬಳಸುತ್ತಾರೆ.

ಏನಾಯಿತು, ಏನು ತಿಳಿಯಿತು

ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಎರಡು ಪೆಟ್ಟಿಗೆ ಇದ್ದದ್ದು ಒಂದಾಗಿದೆ. ಇದನ್ನು ನಾವು ಮೊದಲು ಯೋಚಿಸಿಯೇ ಇರಲಿಲ್ಲ. ಪ್ರತಿ ಸಾಮಾನಿಗೆ ಪತ್ರ ಬರೆಯಬೇಕು ಅಂದಾಗ, ಇದು ನಿಜವಾಗಿ ಬೇಕಾ ಎನ್ನುವ ಪ್ರಶ್ನೆ ತಾನಾಗಿಯೇ ಬಂತು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ಪಾಠ ಇಲ್ಲೇ ಇದೆ. ದಶಕಗಳಿಂದ ಬಳಕೆಯಲ್ಲಿರುವ ಪದಾರ್ಥಗಳ ಸುರಕ್ಷತೆಯ ಮಾಹಿತಿ ಬಹುಪಾಲು ಆಗಲೇ ಇದೆ. ಹೊಸ ಪರೀಕ್ಷೆ ಬೇಕಾಗುವುದು ಮುಖ್ಯವಾಗಿ ಹೊಸ ಪದಾರ್ಥಕ್ಕೆ. ಪ್ರತಿ ಆರು ತಿಂಗಳಿಗೊಂದು ಹೊಸ ಪವಾಡದ ಪದಾರ್ಥ ಬೇಕು ಅಂತ ನಾವು ಬಯಸಿದರೆ, ಆ ಬಯಕೆಯ ಭಾರ ಎಲ್ಲೋ ಒಂದು ಪಂಜರದ ಮೇಲೆ ಬೀಳಬಹುದು. ಆ ಚಿಕ್ಕ ತಯಾರಕರಲ್ಲಿ ಒಬ್ಬರು ಪತ್ರದಲ್ಲಿ ಬರೆದದ್ದೂ ಇದನ್ನೇ: ನಮ್ಮದು ಹಳೆಯ ಪದಾರ್ಥ, ಅದಕ್ಕೇ ನಮಗೆ ಸುಲಭ.

ಕೇಳುವ ಪತ್ರಗಳಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಹಳೆಯ ಸಂಗತಿ. 1980ರಲ್ಲಿ ಅಮೆರಿಕದ ಪ್ರಾಣಿ ಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೈರಾ ಎನ್ನುವವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು, ಚೆಲುವಿಗಾಗಿ ಎಷ್ಟು ಮೊಲಗಳ ಕಣ್ಣು ಕಳೆಯುತ್ತೀರಿ ಅಂತ ರೆವ್ಲಾನ್ ಕಂಪನಿಯನ್ನು ಕೇಳಿದರು. ಅದೇ ವರ್ಷದ ಕೊನೆಗೆ ಆ ಕಂಪನಿ ಬದಲಿ ವಿಧಾನಗಳ ಸಂಶೋಧನೆಗೆ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟಿತು. ಕೇಳಿದ್ದು ಒಂದೇ ಪ್ರಶ್ನೆ. ಆದರೆ ತಪ್ಪಿಸಿಕೊಳ್ಳಲು ಜಾಗವಿಲ್ಲದ ಪ್ರಶ್ನೆ.

ಪೂರ್ತಿ ಬಗೆಹರಿಯದೆ ಉಳಿದದ್ದು ಸನ್‌ಸ್ಕ್ರೀನ್. ಯುರೋಪಿನಲ್ಲೇ ಇದು ಗೋಜಲಾಗಿದೆ. ಸೌಂದರ್ಯವರ್ಧಕಗಳ ಕಾನೂನು ಪ್ರಾಣಿ ಪರೀಕ್ಷೆ ಬೇಡ ಎನ್ನುತ್ತದೆ. ಆದರೆ ಅದೇ ಪದಾರ್ಥವನ್ನು ಕಾರ್ಖಾನೆಯಲ್ಲಿ ಕೈಯಾಡಿಸುವ ಕೆಲಸಗಾರರ ಸುರಕ್ಷತೆಗೆ ರಾಸಾಯನಿಕಗಳ ಕಾನೂನು ಪರೀಕ್ಷೆ ಕೇಳಬಹುದು. ಹೋಮೋಸಲೇಟ್ ಎಂಬ ಸನ್‌ಸ್ಕ್ರೀನ್ ಪದಾರ್ಥದ ವಿಷಯದಲ್ಲಿ ಇದೇ ಜಗಳ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್‌ಗೆ ಹೋಯಿತು. 2023ರ ನವೆಂಬರ್‌ನಲ್ಲಿ ಪರೀಕ್ಷೆ ಕೇಳಬಹುದು ಎಂದೇ ತೀರ್ಪು ಬಂತು. ಕಲಾವಿದೆ ಸದ್ಯಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಝಿಂಕ್ ಆಕ್ಸೈಡ್‌ನ ಸನ್‌ಸ್ಕ್ರೀನ್ ಒಂದನ್ನು ಇಟ್ಟುಕೊಂಡಿದ್ದಾರೆ. ತಯಾರಕರಿಗೆ ಮೂರನೇ ಪತ್ರ ಹೋಗಿದೆ. ನೋಟ್‌ಬುಕ್‌ನಲ್ಲಿ ಆ ಸಾಲು ಇನ್ನೂ ಪೆನ್ಸಿಲ್‌ನಲ್ಲೇ ಇದೆ.